ಓಟಕ್ಕೊಂದು ಪಾದರಕ್ಷೆ

ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಎಂಬ ಓಟಗಾರರು 1920ರ ಆಗಸ್ಟ್ 22ರಂದು ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ಒಲಿಂಪಿಕ್ ಮ್ಯಾರಥಾನ್ ಓಡಿದರು. ಆ ವರ್ಷದ ಮ್ಯಾರಥಾನಿನ ದೂರ 42.75 ಕಿಲೋಮೀಟರು, ಒಲಿಂಪಿಕ್ ಕ್ರೀಡೆಗಳ ಇತಿಹಾಸದಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಮತ್ತೊಂದಿಲ್ಲ. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾಗಿ ಬಂದರು. ಅದರ ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟವನ್ನು ನೋಡಿದ್ದ ಸರ್ ದೊರಾಬ್ಜಿ ಟಾಟಾ ಅವರು, ಹೊಲಗೆಲಸದ ಹುಡುಗರು ಯಾವ ಶಾಸ್ತ್ರೀಯ ತರಬೇತಿಯೂ ಇಲ್ಲದೆ, ಕಾಲಿಗೆ ಬೂಟೂ ಇಲ್ಲದೆ ರಸ್ತೆಯ ಏರಿಳಿತಗಳಲ್ಲಿ ಮೈಲಿಗಟ್ಟಲೆ ಓಡಿದ್ದನ್ನು ಕಂಡು ಬೆರಗಾಗಿದ್ದರು. ಭಾರತದಿಂದ ಒಂದು ಚಿಕ್ಕ ತಂಡವು ಆಂಟ್‌ವರ್ಪಿಗೆ ಹೊರಡುವಂತಾದುದಕ್ಕೆ ಆ ಬೆರಗೂ ಒಂದು ಕಾರಣ.

ಆಂಟ್‌ವರ್ಪಿನ ಆ ಕೂಟಕ್ಕೆ ಜರ್ಮನಿಗೆ ಕರೆಯಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸೋತ ದೇಶವದು. ಸೋಲಿನ ಜೊತೆಗೆ ಹಸಿವು, ನಿರುದ್ಯೋಗ, ಸಾಮಾನುಗಳ ಅಭಾವ ಎಲ್ಲವೂ ಅಲ್ಲಿ ಮನೆಮಾಡಿದ್ದವು. ಆ ದೇಶದ ದಕ್ಷಿಣ ಭಾಗದ ಬವೇರಿಯಾ ಪ್ರಾಂತದಲ್ಲಿ, ನ್ಯೂರೆಂಬರ್ಗ್ ನಗರಕ್ಕೆ ಸಮೀಪದಲ್ಲಿ, ಹೆರ್ಜೊಗೆನೌರಾಕ್ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿ ಇಪ್ಪತ್ತು ತುಂಬಲಿದ್ದ ಒಬ್ಬ ತರುಣ, ತನ್ನ ತಾಯಿ ಬಟ್ಟೆ ಒಗೆಯುತ್ತಿದ್ದ ಕೋಣೆಯಲ್ಲಿ ಕುಳಿತು, ಅದೇ 1920ರ ಸುಮಾರಿಗೆ ಬೂಟು ಹೊಲಿಯಲು ತೊಡಗಿದ್ದನು. ಓಡುವವನ ಕಾಲಿಗೆ ಏನು ಬೇಕು ಎಂಬ ಪ್ರಶ್ನೆ ಅವನನ್ನು ಹಿಡಿದಿತ್ತು. ಮುಂದಿನ ಐವತ್ತೆಂಟು ವರ್ಷ ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಆ ತರುಣನೇ ಆಡಾಲ್ಫ್ ಡಾಸ್ಲರ್. ಮನೆಯವರೂ ಊರಿನವರೂ ಅವನನ್ನು ಆಡಿ ಎಂದು ಕರೆಯುತ್ತಿದ್ದರು.

ಆಡಿ ಹುಟ್ಟಿದ್ದು 1900ರ ನವೆಂಬರ್ 3ರಂದು. ತಂದೆ ಕ್ರಿಸ್ಟೋಫ್ ಬೂಟಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದನು. ತಾಯಿ ಪೌಲೀನಾ ಊರಿನವರ ಬಟ್ಟೆಗಳನ್ನು ಒಗೆದುಕೊಡುತ್ತಿದ್ದಳು. ಒಗೆದು ಮಡಿಸಿದ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸುವುದು ಮಕ್ಕಳ ಕೆಲಸ. ಫ್ರಿಟ್ಸ್, ರುಡಾಲ್ಫ್, ಆಡಿ ಎಂಬ ಈ ಮೂವರು ಅಣ್ಣತಮ್ಮಂದಿರನ್ನು ಊರಿನವರು ಒಗೆತದ ಹುಡುಗರೆಂದೇ ಗುರುತಿಸುತ್ತಿದ್ದರು. ಮೇರಿ ಎಂಬ ಅಕ್ಕನೂ ಇದ್ದಳು. ಕಡೆಯವನಾದ ಆಡಿಯನ್ನು ತಂದೆ ರೊಟ್ಟಿ ತಯಾರಿಸುವ ಕಸಬಿಗೆ ಹಾಕಿದನು. ಹುಡುಗನು ಹೇಳಿದ ಮಾತು ಮೀರದೆ ಆ ಕಸಬನ್ನು ಪೂರ್ತಿ ಕಲಿತನು. ಆದರೆ ಕಲಿತ ಮೇಲೆ ಅದರಿಂದ ಜೀವನ ನಡೆಸಲಿಲ್ಲ. ಅವನ ಮನಸ್ಸೆಲ್ಲ ಬಯಲಿನಲ್ಲಿತ್ತು. ಓಟ, ಜಿಗಿತ, ಈಟಿ ಎಸೆತ, ಕಾಲ್ಚೆಂಡು, ಚಳಿಗಾಲದಲ್ಲಿ ಹಿಮದ ಮೇಲಿನ ಜಾರಾಟ, ಹೀಗೆ ಅವನು ಆಡದ ಆಟವಿರಲಿಲ್ಲ. ಬಗೆಬಗೆಯ ಆಟಗಳನ್ನಾಡುವಾಗ ಅವನ ಗಮನಕ್ಕೆ ಬಂದ ಒಂದು ಸಂಗತಿ ಮೇಲುನೋಟಕ್ಕೆ ತೀರ ಸಾಮಾನ್ಯವಾದುದು. ಆಟ ಯಾವುದೇ ಇರಲಿ, ಆಡುವವರ ಕಾಲಿನಲ್ಲಿ ಹೆಚ್ಚು ಕಡಿಮೆ ಒಂದೇ ಬಗೆಯ ಬೂಟು ಇರುತ್ತಿತ್ತು. ಆಟ ಬೇರೆಯಾದರೆ ಕಾಲಿನ ಕೆಲಸವೂ ಬೇರೆ. ಹಾಗಿರುವಾಗ ಬೂಟು ಮಾತ್ರ ಏಕೆ ಒಂದೇ ಆಗಿರಬೇಕು?

ಯುದ್ಧದ ಕೊನೆಯ ವರ್ಷ ಅವನನ್ನು ಸೈನ್ಯಕ್ಕೆ ಸೇರಿಸಿಕೊಂಡರು. ಹಿಂದಿರುಗಿ ಬಂದಾಗ ತಾಯಿಯ ಒಗೆತದ ಕೆಲಸ ನಿಂತುಹೋಗಿತ್ತು. ದುಡ್ಡು ಕೊಟ್ಟು ಬಟ್ಟೆ ಒಗೆಸುವ ಶಕ್ತಿ ಯಾರಿಗೂ ಉಳಿದಿರಲಿಲ್ಲ. ಬರಿದಾದ ಆ ಕೋಣೆಯೇ ಆಡಿಯ ಕಾರ್ಖಾನೆಯಾಯಿತು. ತೊಗಲು ಸಿಗುವುದು ದುರ್ಲಭ. ಸೈನಿಕರು ಬಿಸಾಡಿದ ಚೀಲ, ಶಿರಸ್ತ್ರಾಣಗಳಿಂದ ತೊಗಲಿನ ಚೂರುಗಳನ್ನು ಕಿತ್ತು ತಂದು ಅವನು ಅಟ್ಟೆಗಳನ್ನು ಕತ್ತರಿಸಿದನು. ಹರಿದ ಪ್ಯಾರಾಚೂಟುಗಳ ಬಟ್ಟೆಯನ್ನು ಮನೆಯೊಳಗೆ ಮೆಟ್ಟುವ ಚಪ್ಪಲಿಗಳಿಗೆ ಬಳಸಿದನು. ವಿದ್ಯುತ್ತು ಬರುತ್ತಿದ್ದುದೂ ಅಷ್ಟಕ್ಕಷ್ಟೆ. ಅದಕ್ಕಾಗಿ ಒಂದು ಬೈಸಿಕಲ್ಲನ್ನು ಮರದ ತೊಲೆಗಳ ಮೇಲೆ ನಿಲ್ಲಿಸಿ, ಅದರ ಚಕ್ರಕ್ಕೆ ತೊಗಲು ಹದಮಾಡುವ ಯಂತ್ರವನ್ನು ಜೋಡಿಸಿದನು. ಅವನು ನೇಮಿಸಿಕೊಂಡ ಮೊದಲ ಆಳಿನ ಕೆಲಸ ಕುಳಿತು ಪೆಡಲು ತುಳಿಯುವುದು! ಹೊಟ್ಟೆಪಾಡಿಗೆ ಸಾಮಾನ್ಯ ಚಪ್ಪಲಿಗಳನ್ನು ಮಾಡಿ ಮಾರುತ್ತ, ಬಿಡುವಾದಾಗಲೆಲ್ಲ ಓಟದ ಬೂಟುಗಳ ಪ್ರಯೋಗ ನಡೆಸುವುದು ಅವನ ದಿನಚರಿಯಾಯಿತು.

ಅವನೊಂದಿಗೆ ಓಡುತ್ತಿದ್ದ ಗೆಳೆಯನೊಬ್ಬನಿದ್ದ. ಹೆಸರು ಫ್ರಿಟ್ಸ್ ಜೆಹ್ಲೈನ್, ಕಮ್ಮಾರನ ಮಗ. ಆಡಿ ಹೇಳಿದ ಅಳತೆಗೆ ಸರಿಯಾಗಿ ಈ ಗೆಳೆಯನು ಕುಲುಮೆಯಲ್ಲಿ ಕಬ್ಬಿಣವನ್ನು ಕಾಯಿಸಿ, ಬಡಿದು, ಚೂಪಾದ ಮೊಳೆಗಳನ್ನು ಮಾಡಿಕೊಟ್ಟನು. ಬೂಟಿನ ಅಟ್ಟೆಯ ಮುಂಭಾಗದಲ್ಲಿ ಆ ಮೊಳೆಗಳು ಹೊರಕ್ಕೆ ಚಾಚಿಕೊಂಡಿರುವಂತೆ ಆಡಿ ಜೋಡಿಸಿದನು. ಕ್ರೀಡಾಪಟುಗಳು ಇಂದು ಸ್ಪೈಕ್ಸ್ ಎಂದು ಕರೆಯುವ ಮೊಳೆಬೂಟು ಇದೇ. ಇದು ಆಡಿಯ ಹೊಸ ಶೋಧವೇನೂ ಅಲ್ಲ. ಇಂಗ್ಲೆಂಡಿನ ಬೋಲ್ಟನ್ ಪಟ್ಟಣದ ಜೋಸೆಫ್ ವಿಲಿಯಂ ಫೋಸ್ಟರ್ ಎಂಬಾತನು ಆಡಿ ಹುಟ್ಟುವುದಕ್ಕೆ ಮೊದಲೇ ಇಂಥ ಬೂಟುಗಳನ್ನು ಮಾಡಲಾರಂಭಿಸಿದ್ದನು. ಆಡಿಯ ಹೆಚ್ಚುಗಾರಿಕೆ ಇರುವುದು ಬೇರೆಡೆಯಲ್ಲಿ. ಮೊಳೆಯನ್ನು ಎಲ್ಲಿಡಬೇಕು, ಎಷ್ಟು ಇಡಬೇಕು, ಎಷ್ಟು ಉದ್ದ ಇಡಬೇಕು ಎಂಬುದನ್ನು ಅವನು ಒಂದೊಂದು ಓಟಕ್ಕೂ ಬೇರೆಬೇರೆಯಾಗಿ ಆಲೋಚಿಸಿದನು.

ಇದರ ಮರ್ಮವನ್ನು ತಿಳಿಯಬೇಕಾದರೆ ಓಡುವವನ ಪಾದವನ್ನು ತುಸು ಗಮನಿಸಬೇಕು. ಓಡುವವನು ನೆಲವನ್ನು ಹಿಂದಕ್ಕೆ ಒತ್ತುತ್ತಾನೆ. ನೆಲವು ಅವನನ್ನು ಮುಂದಕ್ಕೆ ತಳ್ಳುತ್ತದೆ. ಒತ್ತುವಾಗ ಪಾದವು ಜಾರಿದರೆ ಆ ಬಲದಲ್ಲಿ ಒಂದು ಪಾಲು ವ್ಯರ್ಥವಾಗುತ್ತದೆ. ಆ ಕಾಲದಲ್ಲಿ ಓಟದ ಹಾದಿಗಳೆಂದರೆ ಉರಿದ ಕಲ್ಲಿದ್ದಲಿನ ಕಿಟ್ಟವನ್ನು ಪುಡಿಮಾಡಿ ಹಾಸಿದ ಹಾದಿಗಳು; ಅವು ಹುಡಿಹುಡಿಯಾಗಿ ಕಾಲಡಿಯಲ್ಲಿ ಸರಿಯುತ್ತಿದ್ದವು. ಆದುದರಿಂದ ಹಿಡಿತಕ್ಕೆ ಮೊಳೆ ಅನಿವಾರ್ಯ. ಆದರೆ 100 ಮೀಟರು ಓಡುವವನು ಪಾದದ ಮುಂಭಾಗದ ಮೇಲೆಯೇ ಹಾರುತ್ತ ಹೋಗುತ್ತಾನೆ; ಅವನ ಹಿಮ್ಮಡಿಗೆ ಕೆಲಸವೇ ಇಲ್ಲ. ಅವನಿಗೆ ಗಟ್ಟಿಯಾದ, ಬಾಗದ ಅಟ್ಟೆ ಬೇಕು. ಹಿಮ್ಮಡಿಯ ಕೆಳಗೆ ಏನೂ ಇಲ್ಲದಿದ್ದರೂ ನಡೆದೀತು. 10,000 ಮೀಟರು ಓಡುವವನ ಸ್ಥಿತಿ ಹಾಗಲ್ಲ. 400 ಮೀಟರಿನ ಹಾದಿಯನ್ನು ಅವನು ಇಪ್ಪತ್ತೈದು ಸಲ ಸುತ್ತಬೇಕು. ದಣಿದಂತೆಲ್ಲ ಅವನ ಹಿಮ್ಮಡಿ ನೆಲಕ್ಕೆ ತಾಗುತ್ತದೆ. ಅಲ್ಲಿ ಮೆತ್ತನೆಯ ಆಸರೆ ಇಲ್ಲದಿದ್ದರೆ ಮೀನಖಂಡ ಬಿಗಿದುಕೊಳ್ಳುತ್ತದೆ. ಅಟ್ಟೆಯೂ ಪಾದದೊಂದಿಗೆ ಬಾಗಬೇಕು. 800 ಮತ್ತು 1,500 ಮೀಟರುಗಳ ಓಟಗಾರರು ಈ ಇಬ್ಬರ ನಡುವಿನವರು. ಅವರಿಗೆ ವೇಗದ ಓಟಗಾರನ ಹಿಡಿತವೂ ಬೇಕು, ದೂರದ ಓಟಗಾರನ ಆಸರೆಯೂ ಬೇಕು. ಇವೆರಡರ ಹದವನ್ನು ಕಂಡುಹಿಡಿಯುವುದೇ ಬೂಟು ಮಾಡುವವನಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ.

ತೂಕದ ಲೆಕ್ಕವೂ ಇದೆ. ಹೆಜ್ಜೆಗೆ ಎರಡು ಮೀಟರೆಂದು ಹಿಡಿದರೆ 10,000 ಮೀಟರಿಗೆ ಐದು ಸಾವಿರ ಹೆಜ್ಜೆಗಳಾದವು. ಒಂದೊಂದು ಬೂಟಿನಲ್ಲಿ ಹತ್ತೇ ಗ್ರಾಂ ತೂಕ ಹೆಚ್ಚಿದ್ದರೂ ಓಟ ಮುಗಿಯುವ ಹೊತ್ತಿಗೆ ಓಟಗಾರನು ಒಟ್ಟು ಐವತ್ತು ಕಿಲೋಗ್ರಾಂ ಭಾರವನ್ನು ಹೆಚ್ಚಾಗಿ ಎತ್ತಿರುತ್ತಾನೆ. ಅಂದರೆ ಒಂದು ಸಿಮೆಂಟಿನ ಮೂಟೆ! ಆಡಿ ತನ್ನ ಬೂಟುಗಳ ತೂಕವನ್ನು ಇಳಿಸಲು ಹಗಲಿರುಳು ಹೆಣಗಿದ್ದು ವಿನಾಕಾರಣವಲ್ಲ. ತಾನು ಮಾಡಿದ ಬೂಟುಗಳನ್ನು ತಾನೇ ತೊಟ್ಟು ಓಡಿ ನೋಡುವುದು ಅವನ ಪದ್ಧತಿಯಾಗಿತ್ತು. ಎಲ್ಲಿ ಒತ್ತುತ್ತದೆ, ಎಲ್ಲಿ ಜಾರುತ್ತದೆ ಎಂಬುದನ್ನು ಅವನ ಪಾದಗಳೇ ಅವನಿಗೆ ತಿಳಿಸುತ್ತಿದ್ದವು.

1923ರಲ್ಲಿ ಅಣ್ಣ ರುಡಾಲ್ಫ್ ಬಂದು ತಮ್ಮನ ಜೊತೆಗೂಡಿದನು. ಮರುವರ್ಷ ಡಾಸ್ಲರ್ ಸಹೋದರರ ಹೆಸರಿನಲ್ಲಿ ಕಂಪನಿ ನೋಂದಣಿಯಾಯಿತು. ಅಣ್ಣತಮ್ಮಂದಿರ ಸ್ವಭಾವ ಒಂದಕ್ಕೊಂದು ತೀರ ವಿರುದ್ಧ. ಆಡಿ ಮಿತಭಾಷಿ, ಕೆಲಸದ ಮೇಜನ್ನು ಬಿಟ್ಟೇಳದವನು. ರುಡಾಲ್ಫ್ ಮಾತುಗಾರ, ಎಂಥವರಿಗೂ ಸರಕನ್ನು ಮಾರಬಲ್ಲವನು. ಒಬ್ಬನಲ್ಲಿ ಇಲ್ಲದ್ದು ಇನ್ನೊಬ್ಬನಲ್ಲಿ ಇದ್ದುದರಿಂದಲೇ ವ್ಯಾಪಾರ ಬೆಳೆಯಿತು. ಕೆಲವು ವರ್ಷಗಳಲ್ಲಿ ಒಗೆತದ ಕೋಣೆಯನ್ನು ಬಿಟ್ಟು ರೈಲು ನಿಲ್ದಾಣದ ಬಳಿಯ ಕಾರ್ಖಾನೆಯೊಂದಕ್ಕೆ ಅವರು ಸ್ಥಳಾಂತರಗೊಂಡರು.

ಜರ್ಮನಿಯ ಅಥ್ಲೆಟಿಕ್ಸ್ ತಂಡದ ತರಬೇತುದಾರನಾಗಿದ್ದ ಜೋಸೆಫ್ ವೈಟ್ಸರ್ ಎಂಬಾತನಿಗೆ ಈ ಬೂಟುಗಳ ಸುದ್ದಿ ಮುಟ್ಟಿತು. ಅವನು ಹೆರ್ಜೊಗೆನೌರಾಕಿಗೆ ಬಂದು ಆಡಿಯನ್ನು ಕಂಡನು. ಇಬ್ಬರೂ ಆಟದ ಹುಚ್ಚಿನವರು, ಭೇಟಿ ಸ್ನೇಹವಾಯಿತು. ಓಟಗಾರರ ಕಷ್ಟಗಳನ್ನು ವೈಟ್ಸರನು ತಿಳಿಸುವುದು, ಅದಕ್ಕೆ ತಕ್ಕಂತೆ ಆಡಿ ಬೂಟನ್ನು ತಿದ್ದುವುದು ನಡೆಯಿತು. ಅದರ ಫಲ ಕಾಣಿಸಿದ್ದು 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ.

ಮಹಿಳೆಯರಿಗೆ 800 ಮೀಟರಿನ ಓಟವನ್ನು ಏರ್ಪಡಿಸಿದ ಮೊದಲ ಒಲಿಂಪಿಕ್ಸ್ ಅದು. ಜರ್ಮನಿಯ ಲೀನಾ ರಾಡ್ಕೆ ಎಂಬಾಕೆ ಡಾಸ್ಲರ್ ಸಹೋದರರ ಮೊಳೆಬೂಟು ತೊಟ್ಟು ಓಡಿ, 2 ನಿಮಿಷ 16.8 ಸೆಕೆಂಡುಗಳಲ್ಲಿ ಗುರಿಮುಟ್ಟಿ ಚಿನ್ನದ ಪದಕವನ್ನು ಗೆದ್ದಳು. ಅದು ವಿಶ್ವದಾಖಲೆಯೂ ಆಯಿತು. ಆಕೆಯ ಹಿಂದೆಯೇ ಜಪಾನಿನ ಕಿನುಯೆ ಹಿತೋಮಿ ಎಂಬಾಕೆ ಎರಡನೆಯವಳಾಗಿ ಬಂದಳು. ಓಟ ಮುಗಿದ ಮೇಲೆ ದಣಿದ ಹೆಂಗಸರನ್ನು ಕಂಡು ಕೆಲವು ಪತ್ರಿಕೆಗಳವರು ಅಲ್ಲಿ ಎಲ್ಲರೂ ಕುಸಿದು ಬಿದ್ದರೆಂದು ಉತ್ಪ್ರೇಕ್ಷೆ ಮಾಡಿ ಬರೆದರು. ಇಷ್ಟು ದೂರದ ಓಟ ಹೆಂಗಸರ ಮೈಗೆ ಒಗ್ಗುವುದಿಲ್ಲವೆಂಬ ವಾದ ಎದ್ದಿತು. ಮುಂದೆ 1960ರವರೆಗೆ ಮಹಿಳೆಯರ 800 ಮೀಟರು ಓಟ ಒಲಿಂಪಿಕ್ಸಿನಲ್ಲಿ ನಡೆಯಲೇ ಇಲ್ಲ. ಗಂಡಸರು ಓಟದ ಕೊನೆಯಲ್ಲಿ ನೆಲಕ್ಕೊರಗಿದರೆ ಅದು ಪರಾಕ್ರಮ, ಹೆಂಗಸರು ಒರಗಿದರೆ ಅದು ದೌರ್ಬಲ್ಯ ಎಂಬ ಆ ಕಾಲದ ನ್ಯಾಯ ವಿಚಿತ್ರವಾದುದು. ಬೂಟನ್ನು ಮಾಡಿದವನಿಗೆ ಇಂಥ ಭೇದವಿರಲಿಲ್ಲ. ಅವನ ಕಣ್ಣಿಗೆ ಬೀಳುತ್ತಿದ್ದುದು ಪಾದ ಮಾತ್ರ.

ಆದರೆ ಪಾದವನ್ನಷ್ಟೇ ನೋಡುತ್ತ, ಸುತ್ತಲಿನ ಲೋಕವನ್ನು ನೋಡದೆ ಇರುವುದರಲ್ಲಿ ಅಪಾಯವೂ ಉಂಟು. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಆ ವರ್ಷದ ಮೇ ತಿಂಗಳಲ್ಲಿ ಡಾಸ್ಲರ್ ಸಹೋದರರು ನಾಜಿ ಪಕ್ಷದ ಸದಸ್ಯರಾದರು. ಹೊಸ ಸರ್ಕಾರವು ಯುವಜನರ ದೇಹದಾರ್ಢ್ಯಕ್ಕೆ, ಕ್ರೀಡೆಗಳಿಗೆ ವಿಶೇಷ ಪ್ರೋತ್ಸಾಹ ಕೊಟ್ಟಿತು. ಬೂಟುಗಳ ಮಾರಾಟ ಏರಿತು. ವ್ಯಾಪಾರಕ್ಕಾಗಿ ಸೇರಿದರೆಂದು ಹೇಳಿ ಇದನ್ನು ಹಗುರಗೊಳಿಸುವವರಿದ್ದಾರೆ. ಆದರೆ ಆ ಪಕ್ಷವು ಏನನ್ನು ಸಾರುತ್ತಿತ್ತೆಂಬುದು ಆಗಲೇ ಬೀದಿಬೀದಿಯಲ್ಲಿ ಎಲ್ಲರ ಕಿವಿಗೂ ಬೀಳುತ್ತಿತ್ತು.

ಈ ನಡುವೆ ಆಡಿ ಬೂಟು ತಯಾರಿಕೆಯನ್ನು ಶಾಸ್ತ್ರೀಯವಾಗಿ ಕಲಿಯಲು ಪಿರ್ಮಾಸೆನ್ಸ್ ಎಂಬ ಊರಿನ ಶಾಲೆಗೆ ಹೋಗಿದ್ದನು. ಅಲ್ಲಿ ಬೂಟಿನ ಅಚ್ಚುಗಳನ್ನು ಮಾಡುವವನ ಮಗಳಾದ ಕ್ಯಾಥೆ ಎಂಬ ತರುಣಿಯ ಪರಿಚಯವಾಗಿ, 1934ರಲ್ಲಿ ಅವರ ಮದುವೆಯಾಯಿತು. ಐದು ಮಕ್ಕಳು ಹುಟ್ಟಿದರು. ಹಿರಿಯ ಮಗ ಹಾರ್ಸ್ಟ್ ಮುಂದೆ ತಂದೆಯ ವ್ಯಾಪಾರವನ್ನು ದೇಶದೇಶಗಳಿಗೆ ವಿಸ್ತರಿಸಿದನು.

1936ರ ಒಲಿಂಪಿಕ್ಸ್ ಬರ್ಲಿನ್ನಿನಲ್ಲಿ ನಡೆಯಿತು. ಆರ್ಯ ಜನಾಂಗವೇ ಶ್ರೇಷ್ಠವೆಂದು ಜಗತ್ತಿಗೆ ತೋರಿಸುವುದು ಹಿಟ್ಲರನ ಹಂಬಲ. ಅಮೆರಿಕದ ಕಪ್ಪು ಜನಾಂಗದ ಜೆಸ್ಸಿ ಓವೆನ್ಸನು 100 ಮೀಟರು, 200 ಮೀಟರು, ಉದ್ದ ಜಿಗಿತ ಮತ್ತು 4×100 ಮೀಟರು ರಿಲೇ ಓಟಗಳಲ್ಲಿ ನಾಲ್ಕು ಚಿನ್ನದ ಪದಕಗಳನ್ನು ಗೆದ್ದು ಆ ಹಂಬಲವನ್ನು ಮಣ್ಣುಪಾಲು ಮಾಡಿದನು. ಆ ಓವೆನ್ಸನಿಗೆ ಆಡಿಯ ಮೊಳೆಬೂಟುಗಳು ತಲುಪಿದ್ದವು. ಅವು ಹೇಗೆ ತಲುಪಿದವೆಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ವೈಟ್ಸರನ ನೆರವಿತ್ತೆಂಬುದು ಹಲವರ ಅಭಿಪ್ರಾಯ. ನಾಜಿ ಪಕ್ಷದ ಸದಸ್ಯನೊಬ್ಬನು ಹೊಲಿದ ಬೂಟು, ನಾಜಿಗಳು ಕೀಳೆಂದು ಜರೆದ ಜನಾಂಗದವನ ಕಾಲಿನಲ್ಲಿ! ಆಡಿಯ ಬದುಕಿನ ವಿರೋಧಾಭಾಸವೆಲ್ಲ ಈ ಒಂದು ಜೊತೆ ಬೂಟಿನಲ್ಲಿ ಅಡಗಿದೆ.

ಎರಡನೆಯ ಮಹಾಯುದ್ಧ ಎಲ್ಲವನ್ನೂ ಬದಲಿಸಿತು. ಆಡಿಯನ್ನು ಸೈನ್ಯಕ್ಕೆ ಕರೆದು, ಕಾರ್ಖಾನೆ ನಡೆಸಲು ಅವನು ಬೇಕೆಂಬ ಕಾರಣಕ್ಕೆ ಬೇಗನೆ ಬಿಟ್ಟರು. ಕೂಲಿಯಾಳುಗಳ ಅಭಾವವಾದಾಗ ಕಾರ್ಖಾನೆಯು ಸೋವಿಯೆತ್ ಯುದ್ಧಕೈದಿಗಳನ್ನು ದುಡಿಮೆಗೆ ಕೊಡುವಂತೆ ಬೇಡಿಕೆ ಸಲ್ಲಿಸಿತು. 1943ರ ಕೊನೆಗೆ ಬೂಟಿನ ಕೆಲಸವೇ ನಿಂತು, ಬೂಟು ಹೊಲಿಯುತ್ತಿದ್ದ ಕೈಗಳು ಶತ್ರುಗಳ ಟ್ಯಾಂಕುಗಳನ್ನು ಒಡೆಯುವ ಆಯುಧದ ಭಾಗಗಳನ್ನು ಬೆಸೆಯಬೇಕಾಯಿತು. ರುಡಾಲ್ಫನನ್ನು ಸೈನ್ಯಕ್ಕೆ ಎಳೆದೊಯ್ದರು. ತಮ್ಮನು ಊರಿನಲ್ಲಿ ಉಳಿದನೆಂಬುದೂ ತಾನು ಹೋಗಬೇಕಾಯಿತೆಂಬುದೂ ಅಣ್ಣನ ಮನಸ್ಸಿನಲ್ಲಿ ಕಹಿಯಾಗಿ ನಿಂತಿತು.

1945ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಸೈನ್ಯವು ಊರನ್ನು ಪ್ರವೇಶಿಸಿತು. ಕಾರ್ಖಾನೆಯ ಮುಂದೆ ಟ್ಯಾಂಕುಗಳು ನಿಂತು ಅದನ್ನು ಉರುಳಿಸುವ ಯೋಚನೆಯಲ್ಲಿದ್ದಾಗ, ಕ್ಯಾಥೆಯು ಹೊರಬಂದು ಇಲ್ಲಿ ಮಾಡುವುದು ಆಟದ ಬೂಟುಗಳನ್ನು ಮಾತ್ರವೆಂದು ಸೈನಿಕರನ್ನು ಒಪ್ಪಿಸಿದಳೆಂದು ಪ್ರತೀತಿ. ಓವೆನ್ಸನ ಬೂಟುಗಳು ತಯಾರಾದದ್ದು ಇಲ್ಲಿಯೇ ಎಂದು ತಿಳಿದ ಅಮೆರಿಕನ್ನರೇ ಮುಂದೆ ಆಡಿಯ ಗಿರಾಕಿಗಳಾದರು. ಆದರೆ ಯುದ್ಧಾನಂತರ ನಾಜಿಗಳ ವಿಚಾರಣೆಗಾಗಿ ರಚಿತವಾದ ಸಮಿತಿಯು ಆಡಿಯನ್ನು ಮೊದಲು ದೋಷಿಗಳ ವರ್ಗಕ್ಕೆ ಸೇರಿಸಿತು. ಹಾಗಾದರೆ ಕಾರ್ಖಾನೆಯನ್ನು ನಡೆಸುವ ಹಕ್ಕೇ ಹೋದಂತೆ. ಅವನು ಮೇಲ್ಮನವಿ ಸಲ್ಲಿಸಿದನು. ಅವನ ಪರವಾಗಿ ಊರಿನ ಕೆಲವರು ಸಾಕ್ಷ್ಯ ನುಡಿದರು. ಕೊನೆಗೆ 1947ರಲ್ಲಿ ಕೇವಲ ಹಿಂಬಾಲಕನೆಂದು ತೀರ್ಮಾನವಾಗಿ ಕಾರ್ಖಾನೆ ಉಳಿಯಿತು. ರುಡಾಲ್ಫನನ್ನು ಅಮೆರಿಕನ್ನರು ಸುಮಾರು ಒಂದು ವರ್ಷ ಸೆರೆಯಲ್ಲಿಟ್ಟಿದ್ದರು. ತನ್ನನ್ನು ಹಿಡಿದುಕೊಟ್ಟವನು ಸ್ವಂತ ತಮ್ಮನೇ ಎಂಬ ಸಂಶಯ ಅವನ ಎದೆಯಲ್ಲಿ ಬೇರುಬಿಟ್ಟಿತು.

ಜಗಳಕ್ಕೆ ಇದೊಂದೇ ಕಾರಣವಲ್ಲ. ಎರಡು ಸಂಸಾರಗಳೂ ಒಂದೇ ಮನೆಯಲ್ಲಿದ್ದವು, ಹೆಂಡಂದಿರಿಗೆ ಹೊಂದಿಕೆಯಿರಲಿಲ್ಲ. ಬಾಂಬುದಾಳಿಯ ಒಂದು ರಾತ್ರಿ ಆಡಿಯು ಆಕಾಶದ ವಿಮಾನಗಳನ್ನು ಬೈದದ್ದನ್ನು, ನೆಲಮಾಳಿಗೆಯಲ್ಲಿದ್ದ ರುಡಾಲ್ಫನು ತನ್ನ ಸಂಸಾರವನ್ನೇ ಬೈದನೆಂದು ತಿಳಿದನೆಂಬ ಕಥೆಯೊಂದಿದೆ. ಕಥೆ ನಿಜವಿರಲಿ ಸುಳ್ಳಿರಲಿ, 1948ರಲ್ಲಿ ಅಣ್ಣತಮ್ಮಂದಿರು ಬೇರೆಯಾದದ್ದು ಮಾತ್ರ ನಿಜ. ಯಂತ್ರಗಳು ಹಂಚಿಕೆಯಾದವು, ಆಳುಗಳಿಗೆ ಇಬ್ಬರಲ್ಲಿ ಯಾರನ್ನಾದರೂ ಆರಿಸಿಕೊಳ್ಳುವ ಅವಕಾಶ ದೊರೆಯಿತು. ಬೂಟು ಮಾಡುವ ಕುಶಲಿಗಳಲ್ಲಿ ಹೆಚ್ಚಿನವರು ಆಡಿಯ ಬಳಿ ಉಳಿದರು. ಮಾರಾಟದವರು ರುಡಾಲ್ಫನೊಂದಿಗೆ ನಡೆದರು. ತಾಯಿ ಹಿರಿಯವನ ಪಕ್ಷ, ಅಕ್ಕ ಮೇರಿ ಕಿರಿಯವನ ಪಕ್ಷ. ಪಾತ್ರೆಪಡಗಗಳಂತೆ ರಕ್ತಸಂಬಂಧವೂ ಪಾಲಾಯಿತು.

ರುಡಾಲ್ಫನು ಔರಾಕ್ ನದಿಯ ಆಚೆಯ ದಂಡೆಯಲ್ಲಿ ಕಾರ್ಖಾನೆ ತೆರೆದು ಅದಕ್ಕೆ ಪೂಮಾ ಎಂದು ಹೆಸರಿಟ್ಟನು. ಆಡಿಯು ತನ್ನ ಕರೆಯುವ ಹೆಸರಿಗೆ ಮನೆತನದ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಅಡಿಡಾಸ್ ಎಂಬ ಹೆಸರನ್ನು 1949ರ ಆಗಸ್ಟ್ 18ರಂದು ನೋಂದಾಯಿಸಿದನು. ಊರು ಎರಡಾಯಿತು. ನದಿಯ ಈಚೆಯವರು ಒಂದು ಬೂಟು, ಆಚೆಯವರು ಇನ್ನೊಂದು. ಕಾಲ್ಚೆಂಡಿನ ತಂಡಗಳು, ಪಾನಗೃಹಗಳು ಸಹ ಎರಡು ಪಂಗಡ. ಎದುರಿಗೆ ಸಿಕ್ಕವನೊಡನೆ ಮಾತನಾಡುವ ಮೊದಲು ಅವನ ಕಾಲಿನ ಬೂಟನ್ನು ಬಗ್ಗಿ ನೋಡುತ್ತಿದ್ದರಂತೆ. ಅದರಿಂದಾಗಿ ಆ ಪಟ್ಟಣಕ್ಕೆ ಬಾಗಿದ ಕತ್ತುಗಳ ಊರೆಂಬ ಅಡ್ಡಹೆಸರೇ ಬಂದಿತು.

ಆಮೇಲಿನ ಮೂವತ್ತು ವರ್ಷ ಆಡಿಗೆ ಕೀರ್ತಿಯ ಕಾಲ. 1954ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ನಡೆದ ವಿಶ್ವ ಫುಟ್‌ಬಾಲ್ ಪಂದ್ಯದ ಕೊನೆಯ ಆಟದ ದಿನ ಮಳೆ ಸುರಿದು ಅಂಕಣ ಕೆಸರಾಯಿತು. ಆಡಿಯ ಬೂಟಿನ ಅಡಿಯ ಗುಬಟುಗಳನ್ನು ತಿರುಗಿಸಿ ಬಿಚ್ಚಿ ಉದ್ದದವನ್ನು ಹಾಕಬಹುದಾಗಿತ್ತು. ಪಶ್ಚಿಮ ಜರ್ಮನಿಯು ಬಲಿಷ್ಠವಾದ ಹಂಗೆರಿಯನ್ನು 3–2ರಿಂದ ಸೋಲಿಸಿತು. ಇಂಥ ಬೂಟನ್ನು ತಾವೇ ಮೊದಲು ಮಾಡಿದ್ದೆಂದು ನದಿಯ ಆಚೆಯವರು ವಾದಿಸಿದರು. ಆ ವಾದ ಎಂದೂ ಮುಗಿಯಲಿಲ್ಲ.

ಬೂಟಿನ ಹೆಮ್ಮೆಗೆ ಪೆಟ್ಟು ಕೊಟ್ಟ ಒಂದು ಘಟನೆಯೂ ನಡೆಯಿತು. 1960ರ ರೋಮ್ ಒಲಿಂಪಿಕ್ಸಿನ ಮ್ಯಾರಥಾನಿಗೆ ಇಥಿಯೋಪಿಯಾದ ಅಬೆಬೆ ಬಿಕಿಲಾ ಬಂದಿದ್ದನು. ಅಡಿಡಾಸ್ ಕಂಪನಿಯವರ ಬಳಿ ಉಳಿದಿದ್ದ ಕೆಲವೇ ಜೊತೆಗಳಲ್ಲಿ ಅವನ ಪಾದಕ್ಕೆ ಹಿತವಾದದ್ದು ಇರಲಿಲ್ಲವೆಂದು ಹೇಳುತ್ತಾರೆ. ಬರಿಗಾಲಿನ ಅಭ್ಯಾಸವಿದ್ದ ಬಿಕಿಲಾ ಬರಿಗಾಲಿನಲ್ಲೇ ಓಡಿ, 2 ಗಂಟೆ 15 ನಿಮಿಷ 16.2 ಸೆಕೆಂಡುಗಳಲ್ಲಿ ಗೆದ್ದನು. ನಾಲ್ಕು ವರ್ಷಗಳ ಅನಂತರ ಟೋಕಿಯೋದಲ್ಲಿ ಅವನು ಬೂಟು ತೊಟ್ಟು 2 ಗಂಟೆ 12 ನಿಮಿಷ 11.2 ಸೆಕೆಂಡುಗಳಲ್ಲಿ ಮತ್ತೆ ಗೆದ್ದನು. ಆ ಬೂಟು ರುಡಾಲ್ಫನ ಕಾರ್ಖಾನೆಯದು!

1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ನೆಲವೇ ಬದಲಾಯಿತು. ಕಿಟ್ಟದ ಹಾದಿಯ ಬದಲು, ಪುಟಿಯುವ ಗುಣವುಳ್ಳ ಕೃತಕ ಹಾದಿ ಬಂದಿತು. ಉದ್ದನೆಯ ಮೊಳೆ ಅದರಲ್ಲಿ ಆಳವಾಗಿ ನಾಟಿಕೊಂಡು ಕಾಲನ್ನು ಹಿಡಿದುಬಿಡುತ್ತದೆ. ಗಿಡ್ಡ ಮೊಳೆಯೇ ಸಾಕು. ಪೂಮಾದವರು ಆ ವರ್ಷ ಬ್ರಷ್ಷಿನಂತೆ 68 ಸೂಜಿಮೊಳೆಗಳಿದ್ದ ಬೂಟನ್ನು ಮಾಡಿದರು. ಅದನ್ನು ತೊಟ್ಟು ಓಡಿ ಸಾಧಿಸಿದ ದಾಖಲೆಗಳಿಗೆ ಮಾನ್ಯತೆ ದೊರೆಯಲಿಲ್ಲ. ಮೊಳೆಗಳ ಎಣಿಕೆಗೆ ನಿಯಮದ ಮಿತಿಯಿದ್ದುದೇ ಕಾರಣ.

ರುಡಾಲ್ಫನು 1974ರ ಅಕ್ಟೋಬರಿನಲ್ಲಿ ತೀರಿಕೊಂಡನು. ಆಡಿ ಅಣ್ಣನ ಅಂತ್ಯಕ್ರಿಯೆಗೆ ಹೋಗಲಿಲ್ಲ. 1978ರ ಸೆಪ್ಟೆಂಬರ್ 6ರಂದು, ಎಪ್ಪತ್ತೇಳರ ವಯಸ್ಸಿನಲ್ಲಿ, ಆಡಿಯೂ ಕಣ್ಣುಮುಚ್ಚಿದನು. ಊರಿನ ಒಂದೇ ಸ್ಮಶಾನದಲ್ಲಿ ಇಬ್ಬರ ಸಮಾಧಿಗಳಿವೆ; ಒಂದು ಈ ಕೊನೆಗೆ, ಮತ್ತೊಂದು ಆ ಕೊನೆಗೆ. 2009ರ ಸೆಪ್ಟೆಂಬರಿನಲ್ಲಿ ಎರಡೂ ಕಂಪನಿಗಳ ನೌಕರರು ಬೆರೆತು ಒಂದು ಸ್ನೇಹದ ಫುಟ್‌ಬಾಲ್ ಪಂದ್ಯವನ್ನಾಡಿದರು. ಅಷ್ಟು ಹೊತ್ತಿಗೆ ಎರಡೂ ಕಂಪನಿಗಳು ಡಾಸ್ಲರ್ ಮನೆತನದ ಕೈತಪ್ಪಿ ಹೋಗಿದ್ದವು.

ಆಡಿ ಕೇಳಿಕೊಂಡ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಲೇ ಇದ್ದಾರೆ. ಇಂದಿನ ದೂರದ ಓಟದ ಮೊಳೆಬೂಟಿನಲ್ಲಿ ನೊರೆಯಂತೆ ಹಗುರವಾಗಿ, ಒತ್ತಿದೊಡನೆ ಪುಟಿಯುವ ಪ್ಲಾಸ್ಟಿಕ್ಕಿನ ದಪ್ಪ ಪದರವಿದ್ದು, ಹಿಮ್ಮಡಿಯವರೆಗೂ ಆಸರೆ ಕೊಡುತ್ತದೆ. ಅದರ ಕೆಳಗಿನ ಹಲಗೆ ಸ್ವಲ್ಪ ಬಾಗುತ್ತದೆ. ಮಧ್ಯಮ ದೂರದ ಕೆಲವು ಬೂಟುಗಳಲ್ಲಿ ಬಾಗದ ಕಾರ್ಬನ್ ಹಲಗೆಯೂ, ಪಾದದ ಮುಂಭಾಗದ ಅಡಿಯಲ್ಲಿ ಗಾಳಿ ತುಂಬಿದ ಸಣ್ಣ ಚೀಲವೂ ಇರುತ್ತವೆ. ಮೊದಲಿನದು ಇಪ್ಪತ್ತೈದು ಸುತ್ತುಗಳ ದಣಿವನ್ನು ತಡೆಯುವುದಕ್ಕೆ, ಎರಡನೆಯದು ಕೆಲವೇ ಸುತ್ತುಗಳ ವೇಗವನ್ನು ಕಾಯುವುದಕ್ಕೆ. 2020ರಲ್ಲಿ ಉಗಾಂಡದ ಜೋಶುವಾ ಚೆಪ್ಟೆಗೈ ಇಂಥ ಹೊಸ ಬೂಟು ತೊಟ್ಟು 5,000 ಮೀಟರನ್ನು 12 ನಿಮಿಷ 35.36 ಸೆಕೆಂಡುಗಳಲ್ಲೂ, 10,000 ಮೀಟರನ್ನು 26 ನಿಮಿಷ 11 ಸೆಕೆಂಡುಗಳಲ್ಲೂ ಓಡಿ ಎರಡು ವಿಶ್ವದಾಖಲೆಗಳನ್ನು ಸ್ಥಾಪಿಸಿದನು. ಹಾದಿಯ ಅಂಚಿನಲ್ಲಿ ವೇಗವನ್ನು ತೋರಿಸುತ್ತ ಉರಿಯುವ ದೀಪಗಳೂ ಆಗ ಇದ್ದುದರಿಂದ ಬೂಟಿನ ಪಾಲು ಎಷ್ಟು, ದೀಪದ ಪಾಲು ಎಷ್ಟು, ಓಟಗಾರನ ಪಾಲು ಎಷ್ಟು ಎಂದು ಭಾಗಿಸುವುದು ಸುಲಭವಲ್ಲ. ಬೂಟು ಗೆಲ್ಲಬಾರದು, ಓಟಗಾರನು ಗೆಲ್ಲಬೇಕು ಎಂಬ ಉದ್ದೇಶದಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯು 2024ರ ನವೆಂಬರ್ 1ರಿಂದ ಹಾದಿಯ ಓಟಗಳಲ್ಲಿ ಬಳಸುವ ಎಲ್ಲ ಬೂಟುಗಳ ಅಟ್ಟೆಯ ದಪ್ಪವನ್ನು 20 ಮಿಲಿಮೀಟರಿಗೆ ಮಿತಿಗೊಳಿಸಿದೆ. ಒಂದು ಬೂಟಿಗೆ ಹನ್ನೊಂದಕ್ಕಿಂತ ಹೆಚ್ಚು ಮೊಳೆ ಇರುವಂತಿಲ್ಲ. ಕೃತಕ ಹಾದಿಯ ಓಟಗಳಲ್ಲಿ ಮೊಳೆಯ ಉದ್ದ 9 ಮಿಲಿಮೀಟರನ್ನು ಮೀರುವಂತಿಲ್ಲ.

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಅಂಥ ಹಾದಿಯಿದೆ. ಆದರೆ ತುಮಕೂರು ಜಿಲ್ಲೆಯ ವಸಂತನರಸಾಪುರ, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳ ಹುಡುಗ ಹುಡುಗಿಯರು ಓಟವನ್ನು ಕಲಿಯುವುದು ಸುಣ್ಣದ ಪುಡಿಯಿಂದ ಗೆರೆಯೆಳೆದ ಮಣ್ಣಿನ ಬಯಲಿನಲ್ಲಿ, ಬಹುಪಾಲು ಬರಿಗಾಲಿನಲ್ಲಿ. ಅವರಲ್ಲೊಬ್ಬರಿಗೆ ಮೊದಲ ಜೊತೆ ಮೊಳೆಬೂಟು ದೊರೆತಾಗ, ಕೃತಕ ಹಾದಿಗೆಂದು ಮಾಡಿದ ಗಿಡ್ಡ ಮೊಳೆ ಆ ಸಡಿಲ ಮಣ್ಣಿನಲ್ಲಿ ಸಾಕಷ್ಟು ಹಿಡಿತ ಕೊಡುವುದಿಲ್ಲ. ಇಂಥ ನೆಲಕ್ಕೆ ನಿಯಮವು 25 ಮಿಲಿಮೀಟರಿನವರೆಗಿನ ಮೊಳೆಯನ್ನು ಒಪ್ಪುತ್ತದೆ. ಮೊಳೆಯನ್ನು ಬಿಚ್ಚಲು ಬರುವ ಬೂಟಾದರೆ, ಪುಟ್ಟ ಕೀಲಿಯೊಂದರಿಂದ ಗಿಡ್ಡದ್ದನ್ನು ತೆಗೆದು ಉದ್ದದ್ದನ್ನು ಕೂಡಿಸಿಕೊಳ್ಳಬಹುದು.